ಹಿಟ್ಟು ಅವಳದು, ಸೇವೆ ನನ್ನದು

ಸುಪಾಕ ಗೃಹೋಪಕರಣ ಸಂಸ್ಥೆಯ ಮಾನ್ಯ ವ್ಯವಸ್ಥಾಪಕ ನಿರ್ದೇಶಕರೇ,

ನಜರ್‌ಬಾದಿನ ನಿವಾಸಿಯೂ, ನಿವೃತ್ತ ತರ್ಕಶಾಸ್ತ್ರ ಉಪನ್ಯಾಸಕನೂ, ಶ್ರೀಮತಿ ಪಂಕಜಾ ಅವರ ಪತಿಯೂ ಆದ ಶಾಮಣ್ಣನ ಅನಂತ ನಮಸ್ಕಾರಗಳು. ತಾವು, ತಮ್ಮ ಆಡಳಿತ ಮಂಡಳಿ ಹಾಗೂ ತಮ್ಮ ಗೋದಾಮಿನ ಸಮಸ್ತ ಗ್ರೈಂಡರುಗಳು ಕ್ಷೇಮವೆಂದು ನಂಬಿದ್ದೇನೆ. ನನಗೆ ಮಾತ್ರ ಕ್ಷೇಮವಾಗಿರಲು ಬಿಡುವಿಲ್ಲ. ಅದಕ್ಕೆ ತಾವೇ ಕಾರಣರೆಂದು ಸವಿನಯವಾಗಿ ದೂರುತ್ತಿದ್ದೇನೆ.

ಯುಗಾದಿ ಕಳೆದ ಮೇಲೆ ತಮ್ಮ ಸಂಸ್ಥೆಯಿಂದ ಸಮನ್ವಿತಾ ಎಂಬ ಹೆಣ್ಣುಮಗಳು ನಮ್ಮ ಅಡುಗೆಮನೆಗೆ ಬಂದರು. ಬರಿಯ ಗ್ರೈಂಡರ್ ಮಾರಿದರೆ ಸಾಲದು, ಅದರೊಂದಿಗೆ ಒಂದು ಸೇವೆಯನ್ನೂ ಹೆಣೆದು ಕೊಡಬೇಕು, ಹಾಗೆ ಕೊಡುವ ಮೊದಲು ಬಳಸುವವರ ಕಷ್ಟ ಕೇಳಬೇಕು, ಇದಕ್ಕೆ ಡಿಸೈನ್ ಥಿಂಕಿಂಗ್ ಎನ್ನುತ್ತಾರೆ ಎಂದು ವಿವರಿಸಿ, ನನ್ನ ಹೆಂಡತಿ ಏನು ಹೇಳಿದರೂ "ಯಾಕೆ ಆಂಟಿ?" ಎಂದರು. ಅದಕ್ಕೆ ಉತ್ತರ ಬಂದರೆ ಮತ್ತೆ "ಯಾಕೆ?" ಎಂದರು. ಪಂಕಜಾ ಪರಮಾನಂದಪಟ್ಟಳು.

ಮಳೆಗಾಲಕ್ಕೆ ತಮ್ಮ ಗ್ರೈಂಡರ್ ಬಂತು. ಹಿಟ್ಟು ಹುಳಿ ಬಂದಿದೆಯೆಂದು ಮೊಬೈಲಿಗೆ ಸಂದೇಶ ಕಳಿಸುವ ಆ ಯಂತ್ರವನ್ನು ಕಂಡು ನಾವು ನಮಗೆ ಮೂಗಿರುವುದಕ್ಕೇ ನಾಚಿಕೊಂಡೆವು. ಅದರ ಮೇಲೆ ನನ್ನ ದೂರಿಲ್ಲ. ತಾವು ಉತ್ತರಗಳನ್ನೆಲ್ಲ ಒಯ್ದು, "ಯಾಕೆ"ಯನ್ನು ಮಾತ್ರ ನಮ್ಮ ಮನೆಯಲ್ಲೇ ಬಿಟ್ಟುಹೋದಿರಲ್ಲ, ಅದು ದೂರು.

ಏಕೆಂದರೆ ಮಾನ್ಯರೇ, ಪಂಕಜಾ ಮೊದಲು ಅದನ್ನು ನನ್ನ ಮೇಲೆ ಪ್ರಯೋಗಿಸಿದಳು. ಮಧ್ಯಾಹ್ನ ಮಲಗುತ್ತೇನೆ ಎಂದರೆ "ಯಾಕ್ರೀ?" ದಣಿವು ಎಂದರೆ "ಯಾಕೆ ದಣಿವು?" ಜೀವಮಾನವೆಲ್ಲ ತರ್ಕ ಬೋಧಿಸಿದ ನಾನು ಮೂರನೆಯ "ಯಾಕೆ"ಗೇ ಸೋತು ಎದ್ದು ಕುಳಿತೆ.

ಆಮೇಲೆ ಅವಳು ದೋಸೆಹಿಟ್ಟು ಮಾರಲು ಹೊರಟಳು. ಜೊತೆಗೆ ಚಟ್ನಿ ಕೊಟ್ಟು ನೋಡಿದಳು, ಯಾರಿಗೂ ಬೇಡವಾಯಿತು. ಕೊಂಡವರೆಲ್ಲ ದೋಸೆ ಏಳುತ್ತಿಲ್ಲ ಎಂದು ಹಿಟ್ಟನ್ನೇ ಬೈದರು. ಅವಳು ಅವರವರ ಅಡುಗೆಮನೆಯಲ್ಲಿ ಕುಳಿತು ನೋಡಿ, ದೋಷ ಹಿಟ್ಟಿನದಲ್ಲ, ಹೆಂಚಿನದು ಎಂದು ಕಂಡುಕೊಂಡಳು. ಅಂದಿನಿಂದ ಹಿಟ್ಟು ಕೊಂಡವರ ಕಬ್ಬಿಣದ ಹೆಂಚನ್ನು ಮನೆಗೆ ತರಿಸಿ, ಎಣ್ಣೆ ಸವರಿ, ಕಾಯಿಸಿ, ಈರುಳ್ಳಿ ಉಜ್ಜಿ, ಪಳಗಿಸಿ ಹಿಂದಿರುಗಿಸುವುದೂ ವ್ಯಾಪಾರದಲ್ಲಿ ಸೇರಿತು. ಸರಕು ಮತ್ತು ಸೇವೆಯ ಈ ಸುಂದರ ಸಂಗಮದಲ್ಲಿ ಹೆಂಚು ಹೊರುವವನು ಯಾರೆಂದು ತಾವು ಊಹಿಸಬಲ್ಲಿರಿ. ಬನ್ನಿಮಂಟಪದವರೆಗೂ ಸ್ಕೂಟರಿನಲ್ಲಿ ಠಣಠಣವೆನ್ನುತ್ತ ಹೋಗುವ ನನ್ನನ್ನು ಹಳೆಯ ಶಿಷ್ಯರು ಕಂಡು, ಕಾಣದವರಂತೆ ನಡೆದು, ಗುರುಭಕ್ತಿ ಮೆರೆದಿದ್ದಾರೆ.

ಆದರೆ ಬನ್ನಿಮಂಟಪದ ಶಿವನಂಜಮ್ಮನವರು ಮೊದಲ ದಿನವೇ, "ದೋಸೆ ಎಂಗೆ ಎದ್ ಬಂತು ನೋಡಿ ಮೇಷ್ಟ್ರೇ! ಕೂತ್ಕೊಳಿ, ಒಂದ್ ತಿನ್ಕಂಡ್ ಓಗಿ" ಎಂದರು. ಕುಳಿತೆ. ಅವರು ಮಗಳ ಮದುವೆಯ ಚಿಂತೆ ಹೇಳಿಕೊಂಡರು, ಕೇಳಿದೆ. ಮರುವಾರ ಅವರು ಕರೆಯುವ ಮೊದಲೇ ಕುಳಿತೆ.

ಅಷ್ಟರಲ್ಲಿ ತಮ್ಮ ಸಮನ್ವಿತಾ ಮತ್ತೆ ಬಂದರು. ಹೆಂಚಿನ ಸೇವೆಯನ್ನು ತಮ್ಮ ಗ್ರೈಂಡರಿನೊಂದಿಗೆ, ತಮ್ಮ ಹೆಸರಿನಲ್ಲಿ ಮಾರಲು ಒಪ್ಪಬೇಕಂತೆ. "ಯಾಕೆ ಮಗು?" ಎಂದಳು ಪಂಕಜಾ. ಉತ್ತರ ಬಂತು. "ಅದು ಯಾಕೆ?" ಎಂದಳು. ಕೊನೆಗೆ ಆ ಹುಡುಗಿ ಕಣ್ಣೊರೆಸಿಕೊಂಡು, "ನಾನು ಮನೆಮನೆಗೆ ಹೋಗಿ ಕೇಳ್ಕೊಂಡು ಬಂದಿದ್ದನ್ನ ಆಫೀಸಲ್ಲಿ ಯಾರೂ ಓದಲೇ ಇಲ್ಲ ಆಂಟಿ. ಮೆಷಿನ್ ಮೊದಲೇ ರೆಡಿ ಇತ್ತು" ಎಂದಳು. ತಿಂಗಳೊಳಗೆ ತಮಗೆ ರಾಜೀನಾಮೆ ಕೊಟ್ಟು ನಮ್ಮಲ್ಲಿ ಸೇರಿದಳು.

ಸೇರಿದವಳೇ ಕಂಡುಹಿಡಿದ ಮೊದಲ ಸಮಸ್ಯೆ ನಾನು. "ಅಂಕಲ್ ಎಲ್ಲಾ ಮನೇಲೂ ಕೂತ್ಬುಡ್ತಾರೆ, ಅದಕ್ಕೇ ಹೆಂಚು ತಡ ಆಗ್ತಿರೋದು" ಎಂದು ತೀರ್ಮಾನಿಸಿ, "ನೀವು ಆರಾಮಾಗಿರಿ" ಎಂದು ನನ್ನ ಹೆಂಚುಗಳನ್ನು ತನ್ನ ಸ್ಕೂಟರಿಗೇರಿಸಿಕೊಂಡಳು. ಆರಾಮವೆಂಬುದು ಇಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ. ಆಕೆಗೆ ಬಡ್ತಿಯನ್ನೂ, ಚಾಮುಂಡಿ ಬೆಟ್ಟ ಕಾಣುವ ಕಿಟಕಿಯ ಕೋಣೆಯನ್ನೂ ಕೊಟ್ಟು ಹಿಂದಕ್ಕೆ ಕರೆಸಿಕೊಳ್ಳಬೇಕು, ಆಗದಿದ್ದರೆ ಆಕೆಗೆ ಎತ್ತಲಾಗದಷ್ಟು ಭಾರದ ಹೆಂಚುಗಳನ್ನಾದರೂ ತಯಾರಿಸಬೇಕು ಎಂದು ಪ್ರಾರ್ಥಿಸಲೆಂದೇ ಮೊನ್ನೆ ಈ ಪತ್ರಕ್ಕೆ ಕುಳಿತದ್ದು.

ನಿನ್ನೆ ಸಮನ್ವಿತಾ ಬನ್ನಿಮಂಟಪದಿಂದ ಮುಖ ಸಣ್ಣದು ಮಾಡಿಕೊಂಡು ಬಂದಳು. ಶಿವನಂಜಮ್ಮನವರು ಹೆಂಚು ಇಸಿದುಕೊಂಡು, "ಮೇಷ್ಟ್ರು ಯಾಕ್ ಬರ್ನಿಲ್ಲ? ಇಟ್ಟು ಎಲ್ಲಾದ್ರೂ ಸಿಕ್ತದೆ ಕಣಮ್ಮ, ಕೇಳೋರು ಎಲ್ ಸಿಕ್ತಾರೆ?" ಎಂದರಂತೆ. ಕೇಳಿಸಿಕೊಂಡದ್ದನ್ನು ಆ ಹುಡುಗಿ ಮುಚ್ಚಿಡಲಿಲ್ಲ. "ನಾನು ತಪ್ಪು ತಿಳ್ಕೊಂಡಿದ್ದೆ ಆಂಟಿ. ತಡ ಆಗೋದೇ ನಮ್ಮ ಸೇವೆ" ಎಂದಳು. ಪಂಕಜಾ ಯಾಕೆ ಎನ್ನಲಿಲ್ಲ. ಸ್ಕೂಟರಿನ ಕೀಲಿ ತಂದು ನನ್ನ ಕೈಗಿಟ್ಟಳು.

ಆದ್ದರಿಂದ ಪ್ರಾರ್ಥನೆಯನ್ನು ತಿದ್ದಿಕೊಳ್ಳುತ್ತಿದ್ದೇನೆ. ತಮ್ಮವರು ಊರೆಲ್ಲ ಅಲೆದು ಕೇಳಿಕೊಂಡು ಬಂದದ್ದನ್ನು ತಾವು ಇನ್ನು ಮುಂದೆಯೂ ದಯವಿಟ್ಟು ಓದಬಾರದು. ನಮಗೆ ಇನ್ನೂ ಇಬ್ಬರು ಬೇಕಾಗಿದ್ದಾರೆ.

ತಮ್ಮ ವಿಶ್ವಾಸಿ, ಸದ್ಯ ಹೆಂಚಿನ ಮಸಿ ಮೆತ್ತಿದ ಕೈಯ,
ಶಾಮಣ್ಣ

ತಾ.ಕ.: ತಮ್ಮ ಮನೆಯಲ್ಲೂ ದೋಸೆ ಏಳುತ್ತಿಲ್ಲವೆಂದು ತಮ್ಮ ಶ್ರೀಮತಿಯವರು ಇಂದು ಬೆಳಿಗ್ಗೆ ಫೋನ್ ಮಾಡಿದ್ದರು. ಶನಿವಾರ ನಾನೇ ಬರುತ್ತೇನೆ. ಅವರಿಗೆ ಹೇಳಿಕೊಳ್ಳುವುದು ಬಹಳವಿದೆಯಂತೆ. ತಾವು ಮನೆಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ.