ಅತ್ತೆ, ನಾನು ಮತ್ತು ಟೀವಿಯೊಳಗಿನ ಯೋಧ

ಶಾಲೆ ಶುರುವಾದ ಮೊದಲ ವಾರ, ಒಂದು ಬುಧವಾರ, ನಾನು ಏಳನೇ ತರಗತಿಗೆ ದಶಮಾಂಶ ಹೇಳಿಕೊಡುತ್ತಿದ್ದೆ. ಹೆಡ್‌ಮಾಸ್ಟರು ಬಾಗಿಲಿಗೆ ಬಂದು ನಿಂತರು. ಪಾಠದ ನಡುವೆ ಬರುವ ಪದ್ಧತಿ ಅವರಿಗಿರಲಿಲ್ಲ. ಬೆಳಗ್ಗೆ ನನ್ನ ಡಬ್ಬಿಗೆ ಉಪ್ಪಿಟ್ಟು ತುಂಬಿಕೊಟ್ಟಿದ್ದ ಹೆಂಡತಿ ಸಿಂಗಸಂದ್ರದ ಮನೆಯಲ್ಲಿ ಕುಸಿದು ಬಿದ್ದಳಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇನ್ನು ಒಂದು ವರ್ಷ ಆ ಮನೆಯಲ್ಲಿ ನಗುವಂಥದ್ದೇನೂ ನಡೆಯಲಾರದು ಎಂದು ನಾನು ತಿಳಿದಿದ್ದೆ. ನಡೆಯುತ್ತದೆ. ಸಮಯ ಸಂದರ್ಭ ನೋಡದೆ, ಯಾರ ಅಪ್ಪಣೆಯನ್ನೂ ಕೇಳದೆ ನಡೆಯುತ್ತದೆ. ಅಂಥ ಕೆಲವನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಗೌಡರ ಕುತ್ತಿಗೆ

ಮನೆಯಲ್ಲಿ ಉಳಿದವರು ಇಬ್ಬರು, ನಾನು ಮತ್ತು ನನ್ನ ಅತ್ತೆ. ನಮಗೆ ಮಕ್ಕಳಿರಲಿಲ್ಲ. ಅತ್ತೆ, ಅಂದರೆ ಹೆಂಡತಿಯ ತಾಯಿ, ಮಾವ ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದಿದ್ದರು. ಅವರ ಮಗ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆಗ ಅವನದು ಒಂದೇ ಕೋಣೆಯ ಮನೆ.

ಅತ್ತೆ ಹಳೇ ಕಾಲದವರು. ಅಳಿಯನ ಎದುರು ನಿಂತು ಮಾತಾಡುವವರಲ್ಲ. ಅಷ್ಟು ವರ್ಷವೂ ನಮ್ಮಿಬ್ಬರ ಮಾತು ನಡೆದದ್ದು ನನ್ನ ಹೆಂಡತಿಯ ಮೂಲಕ. "ನಿಮ್ಮ ಯಜಮಾನ್ರಿಗೆ ಇನ್ನೊಂದು ಸೌಟು ಹುಳಿ ಬೇಕಾ ಕೇಳೇ" ಎಂದು ಅವರು ಅವಳಿಗೆ ಹೇಳುತ್ತಿದ್ದರು. ಎರಡು ಮೊಳ ದೂರದಲ್ಲಿ ಕೂತು ಅದನ್ನು ಕೇಳಿಸಿಕೊಂಡ ನಾನು, ಸಾಕು ಅಂತ ಹೇಳು ಎಂದು ಅವಳಿಗೇ ಹೇಳುತ್ತಿದ್ದೆ. ಅವಳು ಯಾವುದನ್ನೂ ಯಾರಿಗೂ ಹೇಳದೆ ಊಟ ಮಾಡುತ್ತಿದ್ದಳು.

ಈಗ ನಡುವಿನವಳು ಇರಲಿಲ್ಲ. ಅತ್ತೆ ಒಲೆಯ ಜೊತೆ ಮಾತಾಡತೊಡಗಿದರು, ನಾನು ಗೋಡೆಯ ಕ್ಯಾಲೆಂಡರಿನ ಜೊತೆ. ಅನ್ನ ಆರಿಹೋಗುತ್ತಿದೆ ಎಂದು ಅವರು ಒಲೆಗೆ ಹೇಳುವರು. ಬಂದೆ ಎಂದು ನಾನು ಕ್ಯಾಲೆಂಡರಿಗೆ ಹೇಳುವೆ.

ಒಂದು ದಿನ ಮನೆಯ ಮಾಲೀಕರಾದ ಗೌಡರು, ಹೆಂಚು ಒಡೆದಿದೆಯೇ ನೋಡಲು ಬಂದವರು, ನಡುಮನೆಯಲ್ಲಿ ಕೂತರು. ನಮ್ಮಿಬ್ಬರಿಗೂ ಬಹಳ ಅನುಕೂಲವಾಯಿತು. ಸೀಮೆಎಣ್ಣೆ ಮುಗಿದಿದೆ ಎಂದು ಅವರಿಗೆ ಹೇಳಿ ಗೌಡ್ರೇ, ಎಂದು ಅತ್ತೆ. ಸಂಜೆ ತರುತ್ತೇನೆ ಎಂದು ಹೇಳಿ ಗೌಡ್ರೇ, ಎಂದು ನಾನು. ದರ್ಜಿಯ ಹತ್ತಿರ ಕೊಟ್ಟ ಷರ್ಟು, ಮೈಸೂರಿನವರ ಮದುವೆ, ಬಾಗಿಲ ಅಗುಳಿ, ಎಲ್ಲವೂ ಅಂದೇ ಇತ್ಯರ್ಥವಾಯಿತು. ಗೌಡರ ಕುತ್ತಿಗೆ ಅಡುಗೆಮನೆಗೂ ನನಗೂ ತಿರುಗಿ ತಿರುಗಿ ಸೋತಿತು. ಏಳುವಾಗ ಅದನ್ನು ಉಜ್ಜಿಕೊಳ್ಳುತ್ತ ಹೇಳಿದರು: "ಅಲ್ಲಾ ಮೇಷ್ಟ್ರೇ, ಹೆಂಚ್ ನೋಡಾಕ್ ಬಂದೋನ್ನ ಟಪಾಲ್ನೋನ್ ಮಾಡ್ಬುಟ್ರಲ್ಲ."

ಆ ತಿಂಗಳೇ ಬಾಮೈದ ಬಂದಿದ್ದ. ಚಂದಾಪುರದಲ್ಲಿ ದೊಡ್ಡ ಮನೆ ಬಾಡಿಗೆಗೆ ಸಿಕ್ಕಿದೆ ಎಂದ. "ಅಕ್ಕನೇ ಇಲ್ಲದ ಮೇಲೆ ಅಮ್ಮ ಇಲ್ಲಿರೋದು ಚೆನ್ನಾಗಿರಲ್ಲ ಭಾವ. ವರ್ಷದ ಕಾರ್ಯ ಮುಗೀಲಿ, ಕರ್ಕೊಂಡು ಹೋಗ್ತೀನಿ." ನ್ಯಾಯವಾದ ಮಾತು. ಆದರೆ ಅವರು ಹೋಗುವುದು ನನಗೆ ಬೇಕಿರಲಿಲ್ಲ. ಆ ಮನೆಯಲ್ಲಿ ಅವಳ ನಗು ಹೇಗಿತ್ತೆಂದು ಬಲ್ಲವರು ನಾವಿಬ್ಬರೇ. ಇಲ್ಲೇ ಇರಿ ಎಂದು ಅವರಿಗೆ ಹೇಳಬೇಕಿತ್ತು. ಅದು ಕ್ಯಾಲೆಂಡರಿನ ಮೂಲಕ ಹೇಳುವ ಮಾತಲ್ಲ. ಗೌಡರ ಮೂಲಕ ಹೇಳುವ ಮಾತಂತೂ ಅಲ್ಲವೇ ಅಲ್ಲ.

ಶಂಖ

ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಬಿಡುವ ದಿನ ಹೆಡ್‌ಮಾಸ್ಟರು ಕರೆಸಿದರು. ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಯಾರೋ ಪುಣ್ಯಾತ್ಮರು ಶಾಲೆಗೆ ಒಂದು ಕಂಪ್ಯೂಟರ್ ಕೊಟ್ಟಿದ್ದರು. ನೋಡಲು ದಪ್ಪನೆಯ ಟೈಪ್‌ರೈಟರಿನ ಹಾಗಿತ್ತು. ಟೀವಿಗೆ ಅದರ ತಂತಿ ಸಿಕ್ಕಿಸಬೇಕು. ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು ಕ್ಯಾಸೆಟ್ಟು ಓಡಿಸಿದರೆ ಅದರಲ್ಲಿರುವುದು ಟೀವಿಯ ಮೇಲೆ ಮೂಡುತ್ತದೆ. ಬಂದ ದಿನದಿಂದ ಅದು ಬೀರುವಿನಲ್ಲೇ ಇತ್ತು. ರಜೆಯಲ್ಲಿ ಇಲಿ ಕಡಿದರೆ ನಾನು ಉತ್ತರ ಹೇಳಬೇಕು, ನೀವು ಲೆಕ್ಕದ ಮೇಷ್ಟ್ರು, ಮನೆಗೆ ಒಯ್ದು ಕಲಿತುಕೊಂಡು ಬನ್ನಿ ಎಂದು ಅವರು ಅದನ್ನು ನನ್ನ ಸೈಕಲ್ಲಿಗೆ ಕಟ್ಟಿಸಿದರು. ಜೊತೆಗೆ ಎರಡು ಕ್ಯಾಸೆಟ್ಟು. ಲೆಕ್ಕದ್ದು ಓಡಲಿಲ್ಲ. ಓಡಿದ್ದು ಆಟದ್ದು.

ಟೇಪ್ ರೆಕಾರ್ಡರ್ ಮನೆಯದೇ. ಅತ್ತೆ ದಿನಾ ಬೆಳಗ್ಗೆ ಅದರಲ್ಲಿ ದೇವರ ಹಾಡು ಹಾಕುತ್ತಿದ್ದರು. ಮರುದಿನ ಅದರೊಳಗೆ ಆಟದ ಕ್ಯಾಸೆಟ್ಟೇ ಉಳಿದುಹೋಗಿತ್ತು. ಕಂಪ್ಯೂಟರಿಗೆ ಅಕ್ಷರವಾಗಿ ಕೇಳಿಸುವುದು ಮನುಷ್ಯರ ಕಿವಿಗೆ ಬರೀ ಕಿರುಚಾಟ. ಮೊದಲು ಉದ್ದಕ್ಕೆ ಒಂದೇ ಕೂಗು, ಆಮೇಲೆ ತಗಡು ಕೊಯ್ದ ಸದ್ದು. ನಾನು ಬಚ್ಚಲಿನಿಂದ ಓಡಿ ಬರುವಷ್ಟರಲ್ಲಿ ಗೌಡರು ಬಾಗಿಲಲ್ಲಿದ್ದರು. ಒಳಗೆ ಹಂದಿ ಕುಯ್ಯುತ್ತಿದ್ದಾರೆಯೇ ಎಂದು ಕೇಳಿದರು. ಅತ್ತೆ ದೇವರ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು. ನಾನು ಟೇಪ್ ಆರಿಸಿದೆ. ಅವರು ಕಣ್ಣು ತೆರೆದು ಗೌಡರ ಕಡೆ ತಿರುಗಿದರು.

"ಶಂಖ ಊದೋದು ಮುಗೀಲಿ, ಹಾಡು ಶುರುವಾಗುತ್ತೆ ಅಂತ ಕಾಯ್ತಾ ಇದ್ದೆ. ಯಾಕೆ ಆರಿಸಿದ್ರು ಅಂತ ಕೇಳಿ."

ಗಂಡು ನೋಡುವುದು

ಆಟದಲ್ಲಿ ಚಿತ್ರಗಳಿರಲಿಲ್ಲ, ಎಲ್ಲವೂ ಇಂಗ್ಲಿಷ್ ಬರಹ. ನೀನೊಂದು ಗುಹೆಯಲ್ಲಿದ್ದೀಯೆ, ಉತ್ತರಕ್ಕೆ ಬಾಗಿಲಿದೆ ಎಂದು ಅದು ಬರೆಯುತ್ತದೆ. ಏನು ಮಾಡಬೇಕೆಂದು ನಾವು ಟೈಪು ಮಾಡಬೇಕು. ಯಾರದೋ ವೇಷ ಹಾಕಿಕೊಂಡು, ಅದು ಅಂಕಿಯಲ್ಲಿ ತೋರಿಸುವ ಶಕ್ತಿ ಮುಗಿಯದಂತೆ, ಗುಹೆಯೊಳಗೆ ಬದುಕಿಕೊಂಡು ಹೋಗುವುದೇ ಆಟ.

ನಾನು ವ್ಯಾಕರಣ ತಪ್ಪದಂತೆ, ದಯವಿಟ್ಟು ಆ ಬಾಗಿಲನ್ನು ತೆರೆಯಿರಿ ಎಂಬರ್ಥದ ಪೂರ್ಣ ವಾಕ್ಯ ಬರೆದೆ. ನನಗೆ ಅರ್ಥವಾಗಲಿಲ್ಲ ಎಂದಿತು. ಕರ್ಮಣಿ ಪ್ರಯೋಗದಲ್ಲಿ ಬರೆದೆ. ಅರ್ಥವಾಗಲಿಲ್ಲ ಎಂದಿತು. ಅದಕ್ಕೆ ತಿಳಿಯುವುದು ಎರಡೇ ಪದದ ಅಪ್ಪಣೆ, 'ಬಾಗಿಲು ತೆರೆ' ಅಂದಂತೆ. ಇದು ನನಗೆ ಗೊತ್ತಾಗುವ ಹೊತ್ತಿಗೆ ನನ್ನ ಮನುಷ್ಯ ಸತ್ತಿದ್ದ. ಮರುದಿನ ಕತ್ತಲಲ್ಲಿ ಎಡವಿ ಸತ್ತ. ಅದರ ಮರುದಿನ ಬಾಗಿಲು ತೆರೆದು, ಇನ್ನೇನು ಒಳಗೆ ಹೋಗಬೇಕು, ಅಲ್ಲೇ ಸತ್ತ. ಇಂಥ ದರಿದ್ರ ಆಟ ಯಾರಿಗೆ ಬೇಕು ಎಂದು ತಂತಿ ಕಳಚುತ್ತಿದ್ದೆ. ಅಡುಗೆಮನೆಯ ಹೊಸಿಲಿನಿಂದ ಅತ್ತೆ ಟೀವಿಯನ್ನು ಕೇಳಿದರು, ಏನಂತ ಬರೆದಿದೆಯಂತೆ ಎಂದು. ಹೊಟ್ಟೆ ಹಸಿದು ಸತ್ತನಂತೆ ಎಂದು ನಾನೂ ಟೀವಿಗೇ ಹೇಳಿದೆ.

"ಊಟ ಹಾಕಬಾರದಿತ್ತಾ?"

ಹಾಕಬಹುದೆಂದು ನನಗೆ ಹೊಳೆದಿರಲಿಲ್ಲ. ಅವನ ಜೋಳಿಗೆಯಲ್ಲಿ ರೊಟ್ಟಿ ಇದೆ ಎಂದು ಆಟ ಮೊದಲ ಸಾಲಿನಲ್ಲೇ ಹೇಳಿತ್ತು. ಮತ್ತೆ ತಂತಿ ಸಿಕ್ಕಿಸಿದೆ. ನೀನು ಯಾರಾಗುತ್ತೀಯೆ ಎಂದು ಆಟ ಕೇಳಿತು. ಕಳ್ಳ, ಮಾಂತ್ರಿಕ, ಯೋಧ ಎಂದು ಗಟ್ಟಿಯಾಗಿ ಓದಿದೆ. ಅತ್ತೆ ಮದುವೆಗೆ ಗಂಡು ನೋಡುವವರ ಹಾಗೆ ಯೋಚಿಸಿದರು. ಕಳ್ಳ ಬೇಡವೇ ಬೇಡ ಎಂದರು. ಮಾಟ ಮಾಡುವವನ ಸಹವಾಸವೂ ಬೇಡ ಎಂದರು.

"ಯೋಧ ಆಗಬಹುದು. ಗೌರ್ಮೆಂಟ್ ಕೆಲಸ."

ದೂರವೇ?

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ನಾನು ಟೀವಿಯ ಮುಂದೆ, ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತ ಹೊಸಿಲ ಹತ್ತಿರ. ನಾನು ಓದಿ ಅರ್ಥ ಹೇಳುವುದು, ಅವರು ಯೋಧನಿಗೆ ದಾರಿ ತೋರಿಸುವುದು.

ಪ್ರತಿ ಸಲ ಹೊರಡುವ ಮೊದಲು ಆಟ 'ಈಗ ಎಲ್ಲಿಗೆ?' ಎಂದು ಕೇಳುತ್ತಿತ್ತು. ಇದರ ಅರ್ಥ ಹೇಳಿದ ದಿನ ಅತ್ತೆ ಮೊರ ಕೆಳಗಿಟ್ಟರು. ಹೊರಟು ನಿಂತವರನ್ನು ಯಾರಾದರೂ ಎಲ್ಲಿಗೆ ಅನ್ನುತ್ತಾರೆಯೇ? ದೂರವೇ ಅನ್ನಬೇಕು. ಇವನು ಹೋದ ಕಡೆಯೆಲ್ಲ ಕೆಲಸ ಕೆಡುತ್ತಿರುವುದು ಇದಕ್ಕೇ ಎಂದರು. ಅದಕ್ಕೆ ಪರಿಹಾರವೂ ಇತ್ತು. ಹಿಂದಕ್ಕೆ ಬಂದು, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಯೋಧನ ಹತ್ತಿರ ನೀರಿನ ಚೀಲವಿತ್ತು. ಕುಡಿಸಿದೆ. ಈಗ ಎಲ್ಲಿಗೆ ಎಂದಿತು ಆಟ. ಮತ್ತೆ ಕೂರಿಸಿ ಕುಡಿಸಿದೆ. ಈಗ ಎಲ್ಲಿಗೆ ಎಂದಿತು.

ಆ ಮಧ್ಯಾಹ್ನ ನಮ್ಮ ಯೋಧ ಮೊದಲ ಕೋಣೆಯಿಂದ ಹೊರಗೆ ಕಾಲಿಡದೆ, ಇದ್ದ ನೀರನ್ನೆಲ್ಲ ಕುಡಿದು ಮುಗಿಸಿ, ಬಾಯಾರಿ ಸತ್ತ.

ಗಂಜಿ

ದಿನ ಕಳೆದಂತೆ ನಾವು ಬಹಳ ಒಳಗೆ ಹೋದೆವು. ಸಿಕ್ಕಿದ್ದನ್ನೆಲ್ಲ ಎತ್ತಿಕೋ ಎಂದು ಅತ್ತೆ ಯೋಧನಿಗೆ ಹೇಳುತ್ತಿದ್ದರು. ಹಗ್ಗ, ದೀಪ, ಕಂಬಳಿ, ಗಂಜಿ ತುಂಬಿದ ಒಂದು ಪಾತ್ರೆ. ಇನ್ನು ಹೊರಲಾರೆ ಎಂದು ಯೋಧ ಹೇಳಿದ. ಪಾತ್ರೆ ಬಿಟ್ಟುಬಿಡೋಣ ಎಂದೆ ನಾನು. ಅತ್ತೆ ಅವನ ಕತ್ತಿಯನ್ನು ಕೆಳಗೆ ಹಾಕಿಸಿದರು. ಪಾತ್ರೆ ಬಿಟ್ಟು ಯಾರಾದರೂ ಪರಊರಿಗೆ ಹೋಗುತ್ತಾರೆಯೇ ಎಂಬುದು ಅವರ ವಾದ.

ಮುಂದಿನ ಸೇತುವೆಯ ಮೇಲೆ ರಾಕ್ಷಸನಿದ್ದ. ಹಸಿದಿದ್ದೇನೆ ಎಂದ. ಕತ್ತಿಯಂತೂ ಇರಲಿಲ್ಲ. ಗಂಜಿ ಕೊಡು ಎಂದರು ಅತ್ತೆ. ಕೊಟ್ಟೆ. ರಾಕ್ಷಸ ಗಂಜಿ ಕುಡಿದ, ಚೆನ್ನಾಗಿದೆ ಎಂದ, ಆಮೇಲೆ ಯೋಧನನ್ನು ತಿಂದ. ನಾನು ಅದನ್ನು ಓದಿ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಬೆರಳಾಡಿಸಿದರು.

"ಒಬ್ಬನಿಗೆ ಅಂತ ಮಾಡಿದ್ದು. ಸಾಲಲಿಲ್ಲ."

ಗಡ್ಡ

ಯೋಧನನ್ನು ಅವರು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಅದು ಸಹಜ. ಆದರೆ ಅವನ ಕೈಕಾಲು ನಾನೇ ಆದ್ದರಿಂದ ಬೈಗುಳ ನನ್ನ ಬೆನ್ನಿಗೇ ಬಂದು ತಗಲುತ್ತಿತ್ತು. ಎಲ್ಲಿ ನೋಡ್ತಾ ಇದ್ದೀಯೋ, ಬಾಗಿಲು ಬಲಗಡೆಗಲ್ವಾ ಇರೋದು. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಶಕ್ತಿ ಎಲ್ಲಿಂದ ಬರುತ್ತೋ ನಿನಗೆ. ಒಂದು ಮಧ್ಯಾಹ್ನ, ಇದೇ ಧಾಟಿಯಲ್ಲಿ, ಒಂದು ವಾರದಿಂದ ಗಡ್ಡ ಬೋಳಿಸಿಲ್ಲ, ನೋಡಿದವರು ಏನಂದಾರು ಎಂದರು.

ಆಟದಲ್ಲಿ ಎಲ್ಲೂ ಗಡ್ಡದ ಪ್ರಸ್ತಾಪ ಇರಲಿಲ್ಲ. ನಾನು ಕೆನ್ನೆ ಮುಟ್ಟಿ ನೋಡಿಕೊಂಡೆ.

ಬಾವಿ

ಮೇ ಕೊನೆಗೆ ವರ್ಷದ ಕಾರ್ಯ ಮುಗಿಯಿತು. ಮುಂದಿನ ಗುರುವಾರ ನಮ್ಮ ಫ್ಯಾಕ್ಟರಿಗೆ ವಾರದ ರಜೆ, ಅಮ್ಮನನ್ನು ಕರೆದುಕೊಂಡು ಹೋಗಲು ಬರುತ್ತೇನೆ ಎಂದು ಬಾಮೈದ ಹೇಳಿ ಹೋದ. ಅತ್ತೆಯ ಟ್ರಂಕು ಅಟ್ಟದಿಂದ ಇಳಿಯಿತು. ಅವರು ಸೀರೆಗಳನ್ನು ಮಡಿಚಿ ಅದರಲ್ಲಿಟ್ಟರು. ಮಧ್ಯಾಹ್ನದ ಆಟ ಮಾತ್ರ ನಿಲ್ಲಲಿಲ್ಲ.

ಆ ಗುರುವಾರ ಬೆಳಗ್ಗೆಯೇ ಆಟಕ್ಕೆ ಕೂತೆವು. ಕಡೆಯ ದಿನವಲ್ಲವೇ. ಯೋಧ ಗುಹೆಯೊಳಗಿನ ಒಂದು ಬಾವಿಗೆ ಇಳಿದು ಮೇಲೆ ಬರಲಾಗದೆ ಸಿಕ್ಕಿಕೊಂಡ. ಅಷ್ಟರಲ್ಲಿ ಪಠ್ಯಪುಸ್ತಕದ ಕಟ್ಟುಗಳು ಬಂದಿವೆ ಎಂದು ಶಾಲೆಯಿಂದ ಕರೆ ಬಂತು. ಕಂಪ್ಯೂಟರ್ ಆರಿಸಿದರೆ ಬೆಳಗ್ಗಿನಿಂದ ಆಡಿದ್ದೆಲ್ಲ ಹೋಗುತ್ತದೆ, ಹಾಗೇ ಇರಲಿ ಎಂದು ಗಟ್ಟಿಯಾಗಿ ಹೇಳಿ ನಾನು ಸೈಕಲ್ ಹತ್ತಿದೆ. ಮುಂದೆ ನಡೆದದ್ದನ್ನು ಆಮೇಲೆ ಅತ್ತೆ, ಬಾಮೈದ ಇಬ್ಬರ ಬಾಯಿಂದಲೂ ಕೇಳಿ ತಿಳಿದೆ.

ಬಾಮೈದ ಬಂದು, ಹೊರಡೋಣವೇ ಅಮ್ಮ ಎಂದ.

"ಹೇಗೋ ಬರಲಿ? ಅವನು ಬಾವೀಲಿದ್ದಾನೆ" ಎಂದರು ಅತ್ತೆ.

ಯಾರು ಎಂದು ಕೇಳಿದ.

"ಇನ್ಯಾರು, ನಮ್ಮವನೇ. ಬೆಳಗ್ಗೆ ಇಳಿದೋನು. ಹಗ್ಗ ಇದೆ, ಮೇಲಿಂದ ಹಿಡಿಯೋರಿಲ್ಲ."

ಆ ಮನೆಯಲ್ಲಿದ್ದ ಗಂಡಸು ನಾನೊಬ್ಬನೇ. ಜೀವವಿದೆಯೇ ಎಂದು ಅವನು ಕೇಳಿದ. ಇದೆ, ಆದರೆ ಶಕ್ತಿ ಎಂಟಿದ್ದದ್ದು ಮೂರಕ್ಕೆ ಬಂದಿದೆ ಎಂದು ಅತ್ತೆ ಅಕ್ಕಿ ಆರಿಸುತ್ತಲೇ ಹೇಳಿದರು. ದುಃಖದಲ್ಲಿ ಅಮ್ಮನ ತಲೆ ಕೆಟ್ಟಿದೆ ಎಂದುಕೊಂಡು ಅವನು ಹಿತ್ತಲಿಗೆ ಓಡಿದ. ಹಿತ್ತಲಿನಲ್ಲಿ ಗೌಡರ ಹಳೇ ಬಾವಿಯಿತ್ತು. ಗೌಡರು ದೊಡ್ಡ ಹಗ್ಗವನ್ನೂ, ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಪಾತಾಳಗರಡಿಯನ್ನೂ ತಂದರು.

ನಾನು ಶಾಲೆಯಿಂದ ಬಂದಾಗ ಇಬ್ಬರೂ ಬಾವಿಕಟ್ಟೆಯ ಮೇಲೆ ಬಗ್ಗಿದ್ದರು. ಸೈಕಲ್ ಒರಗಿಸಿ, ಏನು ಬಿತ್ತು ಎಂದು ಕೇಳಿದೆ. ಬಾಮೈದ ತಲೆಯೆತ್ತಲಿಲ್ಲ. "ನಮ್ಮ ಭಾವ ಕಣ್ರೀ. ಸ್ವಲ್ಪ ಈ ಹಗ್ಗ ಹಿಡ್ಕೊಳ್ಳಿ" ಎಂದ.

ಹಿಡಿದುಕೊಂಡೆ. ಪಾಪ, ಯಾರೋ ಏನೋ ಎಂದು ಮನಸ್ಸಿಗೆ ಕೆಟ್ಟದೂ ಅನ್ನಿಸಿತು. ಅವನಿಗೆ ಇರುವ ಭಾವ ನಾನೊಬ್ಬನೇ ಎಂಬುದು ಹೊಳೆಯುವಷ್ಟರಲ್ಲಿ ಗರಡಿಗೆ ಏನೋ ಭಾರವಾದದ್ದು ಸಿಕ್ಕಿತ್ತು. ಮೂವರೂ ಎಳೆದೆವು. ಮೇಲೆ ಬಂದದ್ದು ಎಂದೋ ಬಿದ್ದುಹೋಗಿದ್ದ ಗೌಡರ ತಾಯಿಯ ತಾಮ್ರದ ಬಿಂದಿಗೆ. ಗೌಡರು ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಹಗ್ಗದ ಇನ್ನೊಂದು ತುದಿಯಲ್ಲಿದ್ದ ನನ್ನನ್ನು ನೋಡಿದರು. ಆಮೇಲೆ ಬಾವಿಯನ್ನು ನೋಡಿದರು.

"ಅಲ್ಲಾ ಮೇಷ್ಟ್ರೇ, ನೀವ್ ಇಲ್ಲಿದ್ರೆ ಒಳಗ್ ಯಾರವ್ರೆ?"

ಒಳಗೆ ಬಂದು ಬಾಮೈದನಿಗೆ ಟೀವಿ ತೋರಿಸಿ ಎಲ್ಲ ವಿವರಿಸಿದೆ. ಅವನು ಬೆವರು ಒರೆಸಿಕೊಂಡು, ಎರಡು ಲೋಟ ನೀರು ಕುಡಿದು, ಸದ್ಯ, ಭಾವ ಕ್ಷೇಮ, ಇನ್ನು ಹೊರಡೋಣ ನಡಿ ಅಮ್ಮ ಎಂದ. ಅತ್ತೆ ಹೊಸಿಲು ದಾಟಿ ನಡುಮನೆಗೆ ಬಂದರು. ನೇರವಾಗಿ ನನ್ನ ಮುಖ ನೋಡಿದರು.

"ನೀವೇನು ಹೇಳ್ತೀರಿ?"

ಅದು ಅವರು ನನಗೆಂದೇ ಹೇಳಿದ ಮೊದಲ ಮಾತು.

"ಇಲ್ಲೇ ಇರಿ ಅತ್ತೆ" ಎಂದೆ. "ಅವನಿನ್ನೂ ಬಾವೀಲೇ ಇದ್ದಾನೆ."

ಸಂಜೆಯ ಬಸ್ಸಿಗೆ ಬಾಮೈದ ಒಬ್ಬನೇ ಹೋದ.