ಮೆಹಂದಿ ಹಾಡಿನ ಕೇಳುಗರು

ನನ್ನ ಹೆಂಡತಿ ಅಖ್ತರಬೇಗಂಗೆ ಸಂಗೀತದ ಮೇಲೆ ಯಾವ ದ್ವೇಷವೂ ಇಲ್ಲ. ಇರುವುದೆಲ್ಲ ನನ್ನ ಸಂಗೀತದ ಮೇಲೆ ಮಾತ್ರ. ರೇಡಿಯೊದಲ್ಲಿ ಯಾರಾದರೂ ಹಾಡಿದರೆ ಒಲೆ ಸಣ್ಣ ಮಾಡಿ ಕಿವಿಗೊಡುವವಳು, ನಾನು ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಮಿಕ್ಸರ್ ಚಾಲೂ ಮಾಡುತ್ತಾಳೆ. ಆಗ ಮಿಕ್ಸರಿನೊಳಗೆ ಏನೂ ಇರುವುದಿಲ್ಲ. ಒಮ್ಮೆ ಎದ್ದು ಹೋಗಿ ನೋಡಿ ಖಚಿತ ಮಾಡಿಕೊಂಡಿದ್ದೇನೆ.

ನಾನು ಇಸ್ಮಾಯಿಲಸಾಬ. ಸುರಪುರದ ಬಜಾರಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಹೊಲಿಗೆ ನನ್ನ ಹೊಟ್ಟೆಪಾಡು, ಗಾಯನ ನನ್ನ ಪ್ರಾಣ (ಪ್ರಾಣಸಂಕಟ ಎಂದು ಹೆಂಡತಿಯ ತಿದ್ದುಪಡಿ, ಅದೂ ತನ್ನದಂತೆ). ಕ್ಯಾಸೆಟ್ಟುಗಳ ಕಾಲದಲ್ಲಿ ನಾನೂ ಕಕ್ಕೇರಾದ ಅಯ್ಯಣ್ಣನೂ ಜೋಡಿಯಾಗಿ ಮದುವೆಗಳಲ್ಲಿ ಹಾಡುತ್ತಿದ್ದೆವು. ನನ್ನದು ಕಂಠ ಮತ್ತು ಹಾರ್ಮೋನಿಯಂ, ಅವನದು ಢೋಲಕ್. ಅವನ ಮನೆತನ ಕುರಿ, ಆಡು ಸಾಕುವವರದು. ಢೋಲಕ್ಕಿಗೆ ತೊಗಲು ಕಟ್ಟುವಾಗ ಅವನು ಆ ತೊಗಲು ಕೊಟ್ಟ ಆಡಿನ ಹೆಸರು ಹೇಳಿ ಎರಡು ನಿಮಿಷ ಸುಮ್ಮನೆ ಕೂಡುತ್ತಿದ್ದ.

ಏನು ದಿನಗಳು ಅವು. ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸುಗಳಿಂದ ಶಹಾಪುರದ ಗಲ್ಲಿಗಳವರೆಗೆ ಎಲ್ಲಿ ಶಾಮಿಯಾನ ಎದ್ದರೂ ಕರೆ ಬರುತ್ತಿತ್ತು. ಹಾಡು ಯಾರಿಗಾದರೂ ಮುಟ್ಟಿತೆಂದರೆ ಅವರು ಕೂತಲ್ಲಿಂದ ಎದ್ದು ಬಂದು, ಒಂದು ನೋಟನ್ನು ಮದುಮಗನ ತಲೆಯ ಸುತ್ತ ನಿವಾಳಿಸಿ ನನ್ನ ಪೆಟ್ಟಿಗೆಯ ಮೇಲೆ ಇಡುತ್ತಿದ್ದರು. ಬಲಗೈ ಹಾರ್ಮೋನಿಯಂ ಮನೆಗಳ ಮೇಲೆ, ಎಡಗೈ ಗಾಳಿ ಹಾಕುವ ತಿದಿಯ ಮೇಲೆ. ನೋಟು ಫ್ಯಾನಿನ ಗಾಳಿಗೆ ಹಾರಬಾರದು. ಹೀಗಾಗಿ ಅದನ್ನು ಗದ್ದದಿಂದ ಒತ್ತಿ ಹಿಡಿದು ತಾರಕದಲ್ಲಿ ಹಾಡುವ ಒಂದು ವಿಶೇಷ ವಿದ್ಯೆಯನ್ನು ನಾನು ಸಾಧಿಸಿದ್ದೆ. ಆ ವಿದ್ಯೆ ನನ್ನೊಂದಿಗೇ ಮಣ್ಣಾಗಲಿದೆ. ಕೊಟ್ಟವರ ಮುಖ ಕಾಣುತ್ತಿತ್ತು, ಅವರ ಕಣ್ಣು ಒದ್ದೆಯಾದದ್ದು ಕಾಣುತ್ತಿತ್ತು. ನೋಟು ಚಿಕ್ಕದಿದ್ದರೂ ಎದೆ ತುಂಬುತ್ತಿತ್ತು.

ಶಹಾಪುರದಲ್ಲಿ ನನ್ನ ಹೆಂಡತಿಯ ತಮ್ಮ ಮುನಾವರನ ಮದುವೆಯಲ್ಲಿ ನಾನೇ ಕಟ್ಟಿದ ಹಾಡೊಂದನ್ನು ಹಾಡಿದೆ. ‘ಮೆಹಂದಿ ಆರಲಿ, ತಡಿಯೋ ಸರದಾರಾ, ಕೃಷ್ಣಾ ಹೊಳೆ ಎಲ್ಲಿಗೂ ಹೋಗೂದಿಲ್ಲ’ ಎಂದು ಅದರ ಪಲ್ಲವಿ. ಧ್ವನಿವರ್ಧಕದವನು ಅದನ್ನು ಕ್ಯಾಸೆಟ್ಟಿಗೆ ಇಳಿಸಿ ಕೊಟ್ಟ. ನಾವೇ ಕೆಲವು ಪ್ರತಿ ಮಾಡಿಸಿದೆವು. ಕೇಳಿ ಕೊಡುತ್ತೇವೆಂದು ಒಯ್ದವರು ಯಾರೂ ಮರಳಿ ಕೊಡಲಿಲ್ಲ. ಕೊನೆಗೆ ಒಂದೇ ಒಂದು ನನ್ನ ಗುಂಡಿ ಡಬ್ಬಿಯಲ್ಲಿ ಉಳಿಯಿತು.

ನನ್ನ ಮಗಳು ಅರ್ಜುಮಂದ ಯಾದಗಿರಿಯ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ವಾರವೆಲ್ಲ ಅಲ್ಲೇ ಇದ್ದು ರವಿವಾರ ಮನೆಗೆ ಬರುತ್ತಾಳೆ. ಹೋದ ವರ್ಷ ಅವಳು ಆ ಕ್ಯಾಸೆಟ್ಟನ್ನು ಒಯ್ದು, ಹಾಡನ್ನು ಹೊರತೆಗೆಸಿ, ಮೊಬೈಲಿನಲ್ಲಿ ಜಗತ್ತೆಲ್ಲ ಕೇಳುವಂಥ ಆ್ಯಪ್‌ಗಳಿಗೆ ಏರಿಸಿಬಿಟ್ಟಳು. ಅಯ್ಯಣ್ಣನನ್ನು ಕಕ್ಕೇರಾದಿಂದ ಕರೆಸಿದೆ. ನಾಲ್ವರೂ ಚಾಪೆಯ ಮೇಲೆ ಕೂತೆವು. (ನಮ್ಮ ಮನೆಮಾತು ದಖನಿ. ಜಗಳ ಕಾವೇರಿದಾಗ ನೆರೆಯವರಿಗೂ ತಿಳಿಯಲಿ ಎಂಬ ಸೌಜನ್ಯದಿಂದ ಅದು ತಾನಾಗಿ ಕನ್ನಡಕ್ಕೆ ಹೊರಳುತ್ತದೆ. ಹೀಗಾಗಿ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತೇನೆ.)

“ಒಂದ ಸಲ ಕೇಳಿದ್ರ ಎಷ್ಟ ಕೊಡ್ತಾರವಾ?” ಎಂದು ಅಯ್ಯಣ್ಣ ನೇರವಾಗಿ ವಿಷಯಕ್ಕೆ ಬಂದ.

“ಹಂಗ ಒಂದ ರೇಟು ಇರಂಗಿಲ್ಲ ಕಾಕಾ,” ಎಂದಳು ಅರ್ಜುಮಂದ. “ಕೇಳೋರು ಕೊಡೋ ಚಂದಾ, ನಡುನಡುವ ಬರೋ ಜಾಹೀರಾತಿನ ರೊಕ್ಕ, ಎಲ್ಲಾ ಮದವಿ ಅಡಗಿ ಮಾಡೋ ಡೇಗಿನಂಥ ಒಂದ ದೊಡ್ಡ ಪಾತ್ರ್ಯಾಗ ಬೀಳ್ತದ. ಕಂಪನಿಯವರು ತಮ್ಮ ಪಾಲು ತಕ್ಕೋತಾರ. ಉಳಿದದ್ದು ಯಾರ ಹಾಡ ಎಷ್ಟ ಸಲ ಕೇಳ್ಯಾರ ಅನ್ನೋದರ ಮ್ಯಾಲ ಹಂಚ್ತಾರ. ನಮ್ಮ ಹಾಡ ಅಲ್ಲಿಗೆ ಮುಟ್ಟಿಸಿದವರು ಒಬ್ಬರ ಅದಾರ, ಅವರೂ ಸ್ವಲ್ಪ ಮುರಕೋತಾರ. ನಮ್ಮ ಕೈಗೆ ಬರೋದು ಒಂದ ಕೇಳ್ವಿಗೆ ಕೆಲವು ಪೈಸಾ.”

“ಪೈಸಾ ಇನ್ನೂ ಅದಾವೇನು?” ಎಂದ ಅಯ್ಯಣ್ಣ. “ನಮ್ಮ ಸಂತ್ಯಾಗ ಬಂದ್ ಆಗ್ಯಾವ.”

“ಅದೂ ಅರ್ಧಾ ನಿಮಿಷ ಕೇಳಿದ್ರ ಮಾತ್ರ ಲೆಕ್ಕಕ್ಕ ಹಿಡೀತಾರ. ಅದರಕಿಂತ ಮೊದಲ ಬಿಟ್ಟ ಹೋದ್ರ ಏನೂ ಇಲ್ಲ.”

ಇಲ್ಲಿ ನನ್ನ ಮುಖ ಸಪ್ಪಗಾಯಿತು. ನನ್ನ ಹಾಡಿನಲ್ಲಿ ಅರ್ಧ ನಿಮಿಷಕ್ಕೆ ನಾನಿನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುತ್ತೇನೆ. ಆಮೇಲೆ ಒಂದು ಸುದೀರ್ಘ ಆಲಾಪ.

“ಆಲಾಪ ಕತ್ತರಿಸಲೇನು ಅಬ್ಬಾ?” ಎಂದಳು ಮಗಳು.

“ಕತ್ತರಿಸೋದು ಅಂಗಡ್ಯಾಗ. ಆಲಾಪ ಅಂದ್ರ ಅರಿವಿ ಅಲ್ಲ,” ಎಂದೆ, ಗಾಂಭೀರ್ಯದಿಂದ.

“ಕತ್ತರಿಸಿದ್ರ ಏನ ಉಳೀತದ ಅಂತ ನಿಮ್ಮ ಅಬ್ಬಾಗೂ ಗೊತ್ತದ,” ಎಂದು ಹೆಂಡತಿ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಹೋಗುವ ಮುನ್ನ ಅರ್ಜುಮಂದ ನನ್ನ ಮೊಬೈಲಿನಲ್ಲಿ ಹಾಡಿನ ದಿನದಿನದ ಲೆಕ್ಕ ತೋರಿಸುವ ಪುಟವೊಂದನ್ನು ತೆರೆದು ಕೊಟ್ಟಳು. ಎಲ್ಲ ಇಂಗ್ಲಿಷ್. ನನ್ನ ಕನ್ನಡಕ ಸೂಜಿಗೆ ದಾರ ಪೋಣಿಸಲೆಂದು ಮಾಡಿಸಿದ್ದು. ಇಂಗ್ಲಿಷಿನ ಸಣ್ಣ ಅಕ್ಷರ ಅದಕ್ಕೆ ನಿಲುಕುವುದಿಲ್ಲ. ಆದರೆ ಅಂಕಿ ಯಾವ ಭಾಷೆಯಲ್ಲೂ ಅಂಕಿಯೇ. ಮೊದಲ ಕೆಲ ದಿನ ಅಲ್ಲಿ ಸೊನ್ನೆ ಕೂತಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಮೂವತ್ತಕ್ಕೂ ಮೇಲೆ. ಮರುದಿನ ನಲವತ್ತು ದಾಟಿತ್ತು. ಆ ದೊಡ್ಡ ಅಂಕಿಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಅಂಕಿ: 1. ದೊಡ್ಡದು ದಿನಾ ನಲವತ್ತರ ಆಸುಪಾಸು ಏರಿಳಿಯುತ್ತಿತ್ತು. ಚಿಕ್ಕದು ಮಾತ್ರ ಕದಲಲಿಲ್ಲ. ಇವತ್ತೂ 1, ನಾಳೆಯೂ 1.

ಅದು ನನ್ನ ಸ್ಥಾನ ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ನಾನು ಜಂಬದ ಮನುಷ್ಯನಲ್ಲ. ಅಂಗಡಿಗೆ ಬಂದವರಿಗೆಲ್ಲ ನಾನಾಗಿ ಹೇಳಲಿಲ್ಲ. ಅಳತೆ ತೆಗೆದುಕೊಳ್ಳುತ್ತ, ಎದೆಯ ಸುತ್ತ ಟೇಪು ಬಿಗಿಹಿಡಿದು, ಅವರು ಅಲುಗಾಡದಂತೆ ಮಾಡಿದ ಮೇಲಷ್ಟೇ ಹೇಳಿದೆ. ಕಕ್ಕೇರಾಕ್ಕೆ ಫೋನು ಮಾಡಿದೆ.

“ಅಯ್ಯಣ್ಣಾ, ನಾವು ನಂಬರ್ ಒನ್ ಅದೀವಿ.”

“ಎದರಾಗ?”

“ಅದೇ, ಹಾಡಿನ್ಯಾಗ. ಸುರಪುರ ಪೂರಾ ಕೇಳಾಕತ್ತದ. ಎಲ್ಲಿ ಕೇಳ್ತಾರ ಅಂತ ಊರಿನ ಹೆಸರೂ ದೊಡ್ಡ ಅಕ್ಷರದಾಗ ಬರ್ತದ ಅದರಾಗ.”

ಆ ಕಡೆ ಕುರಿಗಳ ಕೂಗು ಕೇಳಿಸಿತು. ಆಮೇಲೆ ಅವನೆಂದ: “ಅಟ್ಟದ ಮ್ಯಾಲಿಂದ ಢೋಲಕ್ ಇಳಸ್ತೇನಿ ಹಂಗಾರ. ಬೆರಳ ಪೂರಾ ಮಡಚಾಕ ಬರವಲ್ಲವು. ಎಣ್ಣಿ ಹಚ್ಚಿ ನೋಡತೇನಿ.”

ನಮ್ಮಿಬ್ಬರನ್ನೂ ಯಾರೂ ಹಾಡಲು ಕರೆಯದೆ ಎಷ್ಟೋ ವರ್ಷಗಳಾಗಿದ್ದವು. ಈಗಿನ ಮದುವೆಗಳಲ್ಲಿ ಹಾಡಲು ಮನುಷ್ಯರು ಬೇಕಿಲ್ಲ, ಎರಡು ಕಪ್ಪು ಡಬ್ಬಿಗಳು ಸಾಕು. ಅವನು ನಿಜವಾಗಿಯೂ ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿರುತ್ತಾನೆ ಎಂದು ನನಗೆ ಗೊತ್ತಿತ್ತು.

ನಾನೂ ಸುಮ್ಮನಿರಲಿಲ್ಲ. ಗಿರಾಕಿಗಳ ಬಟ್ಟೆ ಬದಿಗಿಟ್ಟು ನನಗೊಂದು ಶೇರವಾನಿ ಹೊಲಿದುಕೊಂಡೆ. ಹೆಂಡತಿ ಅದನ್ನು ಮೇಲಿಂದ ಕೆಳಗೆ ನೋಡಿದಳು.

“ಯಾರ ಮದವಿ?”

“ನಂಬರ್ ಒನ್ ಗಾಯಕ ಹರಕ ಅಂಗಿ ಹಾಕ್ಕೊಂಡು ಅಡ್ಡಾಡಿದ್ರ ಜನ ಏನಂದಾರು?”

“ಜನಕ್ಕ ಅದೊಂದ ಕೆಲಸೇನು? ಅಡಗಿಮನಿ ನಲ್ಲಿ ಸೋರಾಕತ್ತದ. ನಂಬರ್ ಒನ್ ಗಾಯಕರು ಅದನ್ನೊಮ್ಮಿ ನೋಡಬೇಕು.”

ಕಲೆಗೂ ಕೊಳಾಯಿಗೂ ಸಂಬಂಧವಿಲ್ಲವೆಂದು ತಿಳಿಸಿ ನಾನು ಹೊರಬಿದ್ದೆ.

ಆ ರವಿವಾರ ಅಯ್ಯಣ್ಣ ಢೋಲಕ್ ಹೆಗಲಿಗೇರಿಸಿ ಬಂದ. ಅವನನ್ನು ನೇರವಾಗಿ ಬಜಾರಿನ ವೆಂಕಟಪ್ಪನ ಚಹಾದ ಅಂಗಡಿಗೆ ಕರೆದೊಯ್ದೆ. ಅಲ್ಲಿ ದೊಡ್ಡದೊಂದು ಸ್ಪೀಕರ್ ಇದೆ. ಕೂತವರಿಗೆಲ್ಲ ನನ್ನ ಲೆಕ್ಕದಲ್ಲಿ ಚಹಾ ಹೇಳಿ, ಶೇರವಾನಿಯ ಗುಂಡಿ ಹಾಕಿಕೊಂಡು, “ವೆಂಕಟಪ್ಪಾ, ಸುರಪುರ ಪೂರಾ ಕೇಳೋ ಹಾಡು ಇನ್ನೂ ನಿನ್ನ ಅಂಗಡ್ಯಾಗ ಹತ್ತಿಲ್ಲ ಅಂದ್ರ ಹ್ಯಾಂಗ? ಹಚ್ಚು,” ಎಂದೆ.

ವೆಂಕಟಪ್ಪ ತನ್ನ ಮೊಬೈಲಿನಲ್ಲಿ ಹುಡುಕಿದ. ಹಾಡಿನ ಹೆಸರು ಬಂತು, ಬೂದುಬಣ್ಣದಲ್ಲಿ. ಒತ್ತಿದ. ಸ್ಪೀಕರ್ ಉಸಿರೆತ್ತಲಿಲ್ಲ.

“ಈ ಹಾಡ ತಗದ ಹಾಕ್ಯಾರ ಅಂತ ತೋರಸ್ತದಲ್ಲರಿ ಸಾಬರ,” ಎಂದ.

ಚಹಾ ಕುಡಿಯುತ್ತಿದ್ದವರೆಲ್ಲ ಬಟ್ಟಲಿನೊಳಗೆ ನೋಡತೊಡಗಿದರು. ನನ್ನ ಪುಣ್ಯಕ್ಕೆ ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಅಯ್ಯಣ್ಣ ಢೋಲಕ್ಕಿನ ಚೀಲದ ದಾರವನ್ನು ಮತ್ತೆ ಕಟ್ಟಿದ.

“ಮಂದಿ ಕೇಳಿ ಕೇಳಿ ಸವದಿರಬೇಕು,” ಎಂದ, ನನ್ನ ಮಾನ ಉಳಿಸಲು.

ಮನೆಗೆ ಬಂದಾಗ ಅರ್ಜುಮಂದ ಆಗಲೇ ಬಂದಿದ್ದಳು, ಮುಖ ಸಣ್ಣದಾಗಿತ್ತು. ಹಾಡನ್ನು ಏರಿಸಿಕೊಟ್ಟವರಿಂದ ಅವಳಿಗೆ ಸಂದೇಶ ಬಂದಿತ್ತು. ಈ ಹಾಡಿನ ಕೇಳ್ವಿಗಳು ಸಹಜವಾದವಲ್ಲ. ಹಣದಾಸೆಗೆ ಯಾರೋ ಯಂತ್ರ ಹಚ್ಚಿ ಕೇಳಿಸುತ್ತಿರುವಂತಿದೆ. ಆದ್ದರಿಂದ ತೆಗೆದುಹಾಕಲಾಗಿದೆ ಎಂದು ಅದರ ಸಾರಾಂಶ.

“ಅಬ್ಬಾ, ಖರೇ ಹೇಳ್ರಿ. ನೀವೇನರ ಮಾಡೀರೇನು?”

“ನಾ ಹಾಡಿದವ. ಕಳುವು ಮಾಡಿದವ ಅಲ್ಲ,” ಎಂದೆ. “ನಂಬರ್ ಒನ್ ಆದವರ ಮ್ಯಾಲ ಮಂದಿಗೆ ಹೊಟ್ಟಿಕಿಚ್ಚು ಇರ್ತದ. ಇಲ್ಲಿ ನೋಡು.” ಮೊಬೈಲು ತೆಗೆದು ಆ ಚಿಕ್ಕ ಅಂಕಿಯನ್ನು ತೋರಿಸಿದೆ.

ಅರ್ಜುಮಂದ ಅದನ್ನು ನೋಡಿದಳು, ನನ್ನ ಶೇರವಾನಿಯನ್ನು ನೋಡಿದಳು, ಅಯ್ಯಣ್ಣನ ಢೋಲಕ್ಕನ್ನು ನೋಡಿದಳು. ಅವಳ ದನಿ ಮೆತ್ತಗಾಯಿತು.

“ಅಬ್ಬಾ, ಇದು ನಂಬರ್ ಅಲ್ಲ. ಎಷ್ಟ ಮಂದಿ ಕೇಳ್ಯಾರ ಅನ್ನೋದು. ದಿನಾ ಒಬ್ಬರ ಕೇಳ್ಯಾರ. ಅದಕ್ಕ ಅವರಿಗೆ ಸಂಶಯ ಬಂದದ. ಒಬ್ಬ ಮನಷ್ಯಾ ಈ ಹಾಡನ್ನ ದಿನಕ್ಕ ನಲವತ್ತ ಸಲ ಕೇಳಾಕ ಸಾಧ್ಯ ಇಲ್ಲ ಅಂತ.”

ಮನೆಯಲ್ಲಿ ಸೋರುವ ನಲ್ಲಿಯ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ಅಖ್ತರಬೇಗಂ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

“ನಾನ ಕೇಳೀನಿ,” ಎಂದಳು. “ಕೇಳಬಾರದೇನು? ಅರ್ಜುಮಂದ ತನ್ನ ಹಳೆ ಮೊಬೈಲ್ ಕೊಟ್ಟಾಳಲ್ಲ, ಅದರಾಗ. ನೀವು ಅಂಗಡಿಗೆ ಹೋದ ಮ್ಯಾಲ ಹಚ್ಚತೇನಿ. ಕೈಯಾಗ ಹಿಟ್ಟ ಇರ್ತದ, ಮುಟ್ಟಾಕ ಬರಂಗಿಲ್ಲ. ಅದು ತಿರುಗಿ ತಿರುಗಿ ಹತ್ಕೋತ ಇರ್ತದ. ಅಲ್ಲಿ ಯಾರೋ ಕೂತು ಎಣಸ್ತಾರ ಅಂತ ನನಗೇನ ಗೊತ್ತು?”

ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ನಂಬರ್ ಒನ್ ಪದವಿ ಹೋಗಿ ಇನ್ನೂ ಒಂದು ನಿಮಿಷವಾಗಿಲ್ಲ, ಅದಕ್ಕಿಂತ ದೊಡ್ಡದು ಕೈಗೆ ಬಂದಿತ್ತು. ಇಷ್ಟು ವರ್ಷ ಖಾಲಿ ಮಿಕ್ಸರ್ ತಿರುಗಿಸಿದವಳು, ಗಂಡ ಮನೆಯಲ್ಲಿಲ್ಲದಾಗ ಕದ್ದು ಅವನ ಹಾಡು ಕೇಳುತ್ತಾಳೆ. ನನ್ನ ಕಣ್ಣು ಮಂಜಾದವು.

“ಅಖ್ತರ್,” ಎಂದೆ, “ಮೊದಲ ಹೇಳಿದ್ರ ನಾನ ಎದುರಿಗೆ ಕೂತು ಹಾಡ್ತಿದ್ದೆ.”

“ಬ್ಯಾಡ್ರಿ,” ಎಂದಳು ಅವಸರದಿಂದ. ಆಮೇಲೆ ಕೈ ಒರೆಸಿಕೊಂಡು ಆ ಹಳೆಯ ಮೊಬೈಲು ತಂದಳು. ಆ್ಯಪಿನಿಂದ ಹಾಡು ಹೋಗಿದ್ದರೂ, ಅದರ ಪ್ರತಿಯೊಂದನ್ನು ಮಗಳು ಆ ಮೊಬೈಲಿನಲ್ಲೇ ಬೇರೆಯಾಗಿ ಹಾಕಿಕೊಟ್ಟಿದ್ದಳಂತೆ. “ಹಾಡಲ್ಲ. ಹಾಡಿನ ಕಡೀಕ ಕೇಳ್ರಿ.”

ಹಾಡಿನ ತೀರಾ ಕೊನೆಯನ್ನು ನಾನು ಎಂದೂ ಕೇಳಿದವನಲ್ಲ. ನನ್ನ ಕೊನೆಯ ತಾನ, ಚಪ್ಪಾಳೆ, ಅಲ್ಲಿಗೆ ಬಂದ್ ಮಾಡುವುದು ನನ್ನ ಪದ್ಧತಿ. ನಾವು ನಾಲ್ವರೂ ಚಾಪೆಯ ಮೇಲೆ ಕೂತು ಗಂಟಲು ಸರಿಮಾಡಿಕೊಳ್ಳುವುದರಿಂದ ಹಿಡಿದು ಎಲ್ಲವನ್ನೂ ಕೇಳಿದೆವು. ಚಪ್ಪಾಳೆ ಮುಗಿಯಿತು. ತಟ್ಟೆಗಳ ಸದ್ದು. ಯಾರೋ ಕೆಮ್ಮಿದರು. ಆಮೇಲೆ, ದೂರದಿಂದ, ಒಬ್ಬ ಹೆಣ್ಣುಮಗಳ ದನಿ:

“ಅಖ್ತರೀ, ಆಜಾ ಬೇಟಿ. ಖಾನಾ ಥಂಡಾ ಹೋರಾ. ಇನೋ ಗಾತೇಚ್ ರಹತೇ.”

ಬಾ ಮಗಳೇ, ಊಟ ಆರುತ್ತಿದೆ, ಇವರು ಹಾಡುತ್ತಲೇ ಇರುತ್ತಾರೆ ಎಂದು ಅದರ ಅರ್ಥ. ಅದು ನನ್ನ ಅತ್ತೆಯ ದನಿ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಒಂದೆರಡು ಮಬ್ಬು ಫೋಟೋ ಇವೆ. ದನಿ ಎಲ್ಲೂ ಉಳಿದಿಲ್ಲವೆಂದು ತಿಳಿದಿದ್ದೆವು.

ಅಯ್ಯಣ್ಣ ತನ್ನ ಎಣ್ಣೆ ಹಚ್ಚಿದ ಬೆರಳುಗಳನ್ನು ನೋಡಿಕೊಂಡ.

“ಅವತ್ತ ನನಗೂ ಹಿಂಗ ಕರದಿದ್ರು,” ಎಂದ. “ನಾ ಸಾಕು ಅಂದ್ರೂ ಮತ್ತ ಬಡಸಿದ್ರು. ಢೋಲಕ್ ಬಾರಸೋ ಕೈಗೆ ಶಕ್ತಿ ಬೇಕು ಅಂತ.”

ಅಖ್ತರಬೇಗಂ ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಕೆನ್ನೆಗೆ ಮೆತ್ತಿತು.

ನಡೆದದ್ದನ್ನೆಲ್ಲ ಅರ್ಜುಮಂದ ಬರೆದು ಕಳಿಸಿದಳು: ಯಂತ್ರವಲ್ಲ, ಒಬ್ಬ ಮಗಳು ತಾಯಿಯ ದನಿ ಕೇಳಿದ್ದು ಎಂದು. ಅದನ್ನು ಯಾರು ಓದಿದರೋ, ಕೆಲವು ವಾರಗಳ ನಂತರ ಹಾಡು ಮರಳಿ ಬಂತು. ದಿನಕ್ಕೆ ನಲವತ್ತರಂತೆ ಆಗಿದ್ದ ಆ ಕೇಳ್ವಿಗಳಿಗೆ ಮಾತ್ರ ರೊಕ್ಕವಿಲ್ಲ ಎಂದರು. ಬೇರೆ ಕೇಳ್ವಿಗಳೂ ಇರಲಿಲ್ಲ. ಹೀಗಾಗಿ ನನ್ನ ಸಂಗೀತದ ಆದಾಯ ಪೂರ್ಣಾಂಕದಲ್ಲೇ ನಿಂತಿದೆ, ಸೊನ್ನೆ.

ಹಾಡು ಮರಳಿದ ದಿನ ನಾನೇ ಒಂದು ಔದಾರ್ಯ ತೋರಿದೆ. ಅತ್ತೆಯ ಮಾತಷ್ಟನ್ನೇ ಬೇರೆ ಮಾಡಿ ಹೆಂಡತಿಯ ಮೊಬೈಲಿಗೆ ಹಾಕಿಕೊಡು ಎಂದು ಮಗಳಿಗೆ ಹೇಳಿದೆ. ಪಾಪ, ನಾಲ್ಕು ಮಾತಿಗಾಗಿ ಪ್ರತಿ ಸಲ ನನ್ನ ಆಲಾಪವನ್ನೆಲ್ಲ ದಾಟಿ ಹೋಗುವುದು ಏಕೆ? ಅಖ್ತರಬೇಗಂ ತಲೆಯಾಡಿಸಿದಳು. ಆ ವಾರವೆಲ್ಲ ಅಡುಗೆಮನೆಯಿಂದ ಅತ್ತೆಯ ಕರೆ ಮಾತ್ರ ಕೇಳಿಬಂತು. ಮುಂದಿನ ವಾರ ಊಟಕ್ಕೆಂದು ಅಂಗಡಿಯಿಂದ ಬೇಗ ಬಂದೆ. ಒಳಗೆ ನನ್ನ ಗಂಟಲು ಸರಿಹೋಗುತ್ತಿತ್ತು. ಆಮೇಲೆ ಆಲಾಪ. ಆಮೇಲೆ ಅಯ್ಯಣ್ಣನ ಢೋಲಕ್. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿದೆ, ಆಮೇಲೆ ಮೆಲ್ಲಗೆ ಒಳಗೆ ಹೋದೆ.

“ಬರೀ ಅಮ್ಮಿ ದನಿ ಹಾಕಿಸಿ ಕೊಟ್ಟೀನಲ್ಲ,” ಎಂದೆ. ಎದೆ ಶೇರವಾನಿಯಿಲ್ಲದೆಯೇ ಉಬ್ಬಿತ್ತು. “ಮತ್ತ ನನ್ನ ಹಾಡ ಯಾಕ?”

ಅವಳು ರೊಟ್ಟಿಯನ್ನು ತಿರುವಿ ಹಾಕಿದಳು.

“ಬರೀ ಅಮ್ಮಿ ಕರದ್ರ ಕರದಂಗ ಆಗವಲ್ಲದು. ನಿಮ್ಮ ಹಾಡು ಒಮ್ಮಿ ಮುಗೀತಲ್ಲಪಾ ಅನ್ನೋ ಸಮಾಧಾನ ಮೊದಲ ಆಗಬೇಕು. ಆಗ ಊಟಕ್ಕ ಕರದದ್ದಕ್ಕ ರುಚಿ ಬರ್ತದ. ಕೈ ತೊಳಕೋರಿ, ಬಡಸ್ತೇನಿ.”