ಉಸಿರು ತೆಗೆದುಕೊಳ್ಳುವ ಕಂಪ್ಯೂಟರು

ನನಗೆ ಗಂಡು ಗೊತ್ತುಮಾಡಲು ನಮ್ಮ ಚಿಕ್ಕಪ್ಪನಿಗೆ ಹಿಡಿದದ್ದು ಹದಿನೈದು ದಿನ. ಮದುವೆಗೆ ಓಲಗ ಗೊತ್ತುಮಾಡಲು ಐದು ತಿಂಗಳು! ಗಂಡಿನ ವಿಷಯವನ್ನು ಅವರು "ಬೇಲೂರಿನ ಹುಡುಗ, ಮೇಷ್ಟ್ರು, ಹಲ್ಲು ನೆಟ್ಟಗವೆ" ಎಂದು ಮೂರು ಮಾತಿನಲ್ಲಿ ಮುಗಿಸಿದ್ದರು. ಓಲಗದ ವಿಷಯಕ್ಕೆ ಬಂದಾಗ ಮಾತ್ರ ಹನ್ನೊಂದು ಮಂದಿಯನ್ನು ಪರೀಕ್ಷಿಸಿ ಹತ್ತು ಮಂದಿಯನ್ನು ಓಡಿಸಿದರು. ಆ ಹನ್ನೊಂದು ಮಂದಿಯೂ ಅವರ ಕಂಪ್ಯೂಟರಿನೊಳಗೇ ಇದ್ದರು ಎಂದರೆ ನಂಬುತ್ತೀರಾ?

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ. ಅಪ್ಪ ಜಾವಗಲ್ಲಿನಲ್ಲಿ ನಾಗಸ್ವರ ಊದುತ್ತಿದ್ದವರು. ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ತಾಳಿ ಕಟ್ಟಿಸಿಕೊಂಡದ್ದು ಅಪ್ಪನ ಗಟ್ಟಿಮೇಳದಲ್ಲಿ. ನನ್ನ ಸರದಿ ಬರುವ ಹೊತ್ತಿಗೆ ಅವರಿಗೆ ಎದೆಯ ಕಾಯಿಲೆ ಹತ್ತಿಕೊಂಡು, ಇನ್ನು ಊದಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬೇರೆ ಮೇಳ ಕರೆಸೋಣವೆಂದು ಅಮ್ಮ ಬಾಯಿ ತೆರೆದದ್ದೇ ತಪ್ಪಾಯಿತು.

"ನನ್ ಮಗಳ ಮದ್ವೇಲಿ ಇನ್ನೊಬ್ಬ ಊದುದ್ರೆ, ನಾನು ಸತ್ತೋದೆ ಅಂತ ಊರಿಗೆಲ್ಲ ಸಾರ್ದಂಗೆ ಆಯ್ತದೆ. ಓಲಗನೇ ಬ್ಯಾಡ, ಬುಡು," ಎಂದರು ಅಪ್ಪ.

ಓಲಗದವನ ಮಗಳಿಗೆ ಓಲಗವಿಲ್ಲದ ಮದುವೆ! ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಸಿಟ್ಟಿನಲ್ಲಿ, ಹಾಗಾದರೆ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಬರುತ್ತೇನೆ ಎಂದೆ. ಆಗ ಮೂಲೆಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಚಿಕ್ಕಪ್ಪ ತಲೆಯೆತ್ತಿದರು. "ಅಣ್ಣಯ್ಯ, ಮನುಷ್ಯ ಊದ್ಬಾರ್ದು ತಾನೆ? ಮಿಷನ್ ಊದ್ಬೋದಾ?"

ಅಪ್ಪ, "ಮೊದ್ಲು ನಾನು ಕೇಳ್ಬೇಕು. ಒಪ್ಪಿದ್ರೆ ಆಮೇಲೆ ಮಾತು," ಎಂದರು. ಅಲ್ಲಿಂದ ನಮ್ಮ ಮನೆಯ ನೆಮ್ಮದಿ ಹೋಯಿತು.

ಚಿಕ್ಕಪ್ಪ ಅರಸೀಕೆರೆಯಲ್ಲಿ ಗುಮಾಸ್ತರು, ಬ್ರಹ್ಮಚಾರಿ. ಬೇರೆಯವರು ಸಂಸಾರ ಕಟ್ಟಿಕೊಂಡ ವಯಸ್ಸಿನಲ್ಲಿ ಕಂಪ್ಯೂಟರು ಕಟ್ಟಿಕೊಂಡವರು. ಅದಕ್ಕೊಂದು ಹಾರ್ಮೋನಿಯಂ ಮನೆಗಳಂಥ ಕೀಬೋರ್ಡು ಜೋಡಿಸಿದ್ದರು. ಪ್ಲಗಿನ್ ಎಂಬ ಮಾತನ್ನು ನಾನು ಕೇಳಿದ್ದೇ ಅವರ ಬಾಯಲ್ಲಿ. ಅದೊಂದು ಮುಟ್ಟಲು ಸಿಗದ ವಾದ್ಯವಂತೆ. ಕಂಪ್ಯೂಟರಿನೊಳಗೆ ಹಾಕಿಕೊಂಡು ಕೀಲಿ ಒತ್ತಿದರೆ ವೀಣೆಯೋ ಪಿಟೀಲೋ ನುಡಿಯುತ್ತದಂತೆ. ನಾಗಸ್ವರದಂಥ ದನಿ ಬರುವ ಹನ್ನೊಂದು ಪ್ಲಗಿನ್‌ಗಳ ಸಿ.ಡಿ.ಗಳನ್ನು ಬೆಂಗಳೂರಿನ ಅಂಗಡಿಯಿಂದ ತಂದರು. ಎಲ್ಲವೂ ಡೆಮೊ, ಅಂದರೆ ರುಚಿ ನೋಡಲು ಕೊಟ್ಟವು.

ಭಾನುವಾರ ಬಂತೆಂದರೆ ಅಪ್ಪ ಜಾವಗಲ್ಲಿನಿಂದ ಬಸ್ಸು ಹತ್ತಿ ಅರಸೀಕೆರೆಗೆ ಹೋಗಿ, ಕಂಪ್ಯೂಟರಿಗೆ ಬೆನ್ನು ಮಾಡಿ ಕೂತು ಕಣ್ಣು ಮುಚ್ಚುವರು. ಜೊತೆಗೆ ಹೋದ ನಾನು ಉಗುರು ಕಚ್ಚುತ್ತ ನಿಲ್ಲುವೆ. ಮೊದಲನೆಯದಕ್ಕೆ ಕೀಲಿ ಒತ್ತಿದ ಮೇಲೆ ಅರೆಗಳಿಗೆ ತಡೆದು ದನಿ ಬಂತು. "ಇದೇನ್ಲಾ, ಪ್ಯಾಸೆಂಜರ್ ಗಾಡಿನಾ? ಸಿಗ್ನಲ್ ಕಾಯ್ತದೆ," ಎಂದರು ಅಪ್ಪ. ಎರಡನೆಯದು ನೆಗಡಿ ಹಿಡಿದವನದು. ಮೂರನೆಯದು ಓಲಗವೇ ಅಲ್ಲ, ಮಗು ಅಳುವುದು. ನಾಲ್ಕರಿಂದ ಹತ್ತರವರೆಗೆ ಒಂದೇ ತೀರ್ಪು. "ಉಸಿರಿಲ್ಲ ಕಣ್ಲಾ. ಊದ್ತಾನೇ ಅವ್ನೆ, ಉಸಿರೇ ತಗಳಾಕಿಲ್ಲ. ಹಿಂಗೆ ಊದೋನು ಮನುಷ್ಯನಾ, ದೆವ್ವನಾ?"

ಈ ಮಾತು ಚಿಕ್ಕಪ್ಪನ ತಲೆಯೊಳಗೆ ಇಳಿದು ಕೂತುಬಿಟ್ಟಿತು. ಮದುವೆಯ ಮಾತುಕತೆಗೆಂದು ಬೇಲೂರಿಗೆ ಹೋದಾಗ ಬೀಗರೊಂದಿಗೆ ದೇವಸ್ಥಾನ ನೋಡಿದೆವು. ಕೊಳಲೂದುವ ಕೃಷ್ಣನ ಶಿಲ್ಪದ ಮುಂದೆ ಎಲ್ಲರೂ ಕೈ ಮುಗಿದರೆ ಇವರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ನೂರಾರು ವರ್ಷದಿಂದ ಊದ್ತಾವ್ನೆ. ಒಂದ್ಸಲನಾದ್ರೂ ಉಸಿರು ತಗಂಡಂಗೆ ಕಾಣ್ತದಾ? ಇವ್ನೂ ಪ್ಲಗಿನ್ನೇ!"

ನನ್ನ ಭಾವೀ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಚಿಕ್ಕಪ್ಪನೋರಿಗೆ ಏನಾದ್ರೂ ಔಷಧಿ ನಡೀತಾ ಇದ್ಯೇನಮ್ಮ?" ಇಲ್ಲ ಎಂದೆ. ಅವರ ಮುಖ ಇನ್ನಷ್ಟು ಚಿಂತೆಗೆ ಬಿತ್ತು.

ಮದುವೆಗೆ ಮೂರು ವಾರ ಉಳಿದಿತ್ತು. ಕೊನೆಯದಾಗಿ ಚಿಕ್ಕಪ್ಪ ಹನ್ನೊಂದನೆಯದನ್ನು ನುಡಿಸಿದರು. ದನಿ ತಕ್ಕಮಟ್ಟಿಗೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಪ್ಪ ಕೀಲಿ ಒತ್ತಿಕೊಂಡೇ ಇದ್ದರೂ ದನಿ ತಟಕ್ಕನೆ ನಿಂತಿತು. ಕೆಟ್ಟಿತು ಎಂದುಕೊಂಡೆ. ಎರಡು ಸೆಕೆಂಡಿನಲ್ಲಿ ಮತ್ತೆ ಬಂತು. ಅಪ್ಪ ಕಣ್ಣು ಬಿಟ್ಟು ಇತ್ತ ತಿರುಗಿದರು.

"ಇವ್ನು ತಗಂಡ ಕಣ್ಲಾ ಉಸಿರ! ಇವ್ನೇ ಸೈ."

ಅವತ್ತು ಅಣ್ಣತಮ್ಮಂದಿರು ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದರು. ಎಂಥ ಜಾಣ ಕಂಪನಿ, ಉಸಿರನ್ನೂ ಸೇರಿಸಿಬಿಟ್ಟಿದೆ ಎಂದು ಚಿಕ್ಕಪ್ಪ ಊರಿಗೆಲ್ಲ ಡಂಗುರ ಹೊಡೆದರು. ಹಾಗೇ ಕಂಪ್ಯೂಟರ್ ಕ್ಲಾಸಿನ ಮೇಡಂ ಒಬ್ಬರಿಗೂ ಹೇಳಿದರು. ಆಕೆ ನಕ್ಕು, "ಅದು ಉಸಿರಲ್ಲ ಸಾರ್. ಡೆಮೊ ಅಲ್ವಾ? ಕೊಂಡುಕೊಳ್ಳಲಿ ಅಂತ ಈ ಕಂಪನಿಯವರು ನಿಮಿಷಕ್ಕೊಂದ್ಸಲ ತಾವೇ ದನಿ ನಿಲ್ಲಿಸ್ತಾರೆ. ಪೂರ್ತಿ ವರ್ಷನ್ ಹಾಕಿದ್ರೆ ಎಲ್ಲೂ ನಿಲ್ಲಲ್ಲ," ಎಂದರು.

ಚಿಕ್ಕಪ್ಪ ಬೆಪ್ಪಾಗಿ ನನ್ನ ಬಳಿ ಬಂದು ಎಲ್ಲ ಹೇಳಿ, ಅಪ್ಪನಿಗೆ ತಿಳಿಯಬಾರದೆಂದು ಆಣೆ ಹಾಕಿಸಿಕೊಂಡರು. ಈಗ ನೀವೇ ಹೇಳಿ, ಏನು ಮಾಡುವುದು? ಡೆಮೊ ಇಟ್ಟುಕೊಂಡರೆ ತಾಳಿ ಕಟ್ಟುವ ಗಳಿಗೆಯಲ್ಲೇ ದನಿ ನಿಂತು, ನೆರೆದವರೆಲ್ಲ ಅಪಶಕುನ ಅಂದಾರು. ಪೂರ್ತಿಯದನ್ನು ಹಾಕಿದರೆ ಉಸಿರು ಹೋಗಿ, ಅಪ್ಪ ಮಂಟಪದಲ್ಲೇ ಕೈ ಎತ್ತಿ ನಿಲ್ಲಿಸಿಯಾರು. ಅಪ್ಪ ಅಂಥವರೇ. ಚಿಕ್ಕಪ್ಪ ಪುರೋಹಿತರ ಮನೆಗೂ ಹೋದರು.

"ಸ್ವಾಮಿ, ತಾಳಿ ಕಟ್ಟೋದನ್ನ ಒಂದು ನಿಮಿಷದೊಳಗೆ ಮುಗಿಸ್ಕೊಡ್ತೀರಾ?"

"ಗಂಟು ಹಾಕೋನು ನಾನಲ್ಲಪ್ಪ, ಮದುಮಗ. ಕೈ ನಡುಗಿದ್ರೆ ನಾನೇನ್ ಮಾಡ್ಲಿ?"

ಮದುವೆಯ ಹಿಂದಿನ ದಿನ ಚಿಕ್ಕಪ್ಪ ಕಂಪ್ಯೂಟರಿನ ಡಬ್ಬವನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಅರಸೀಕೆರೆಯಿಂದ ಬಾಣಾವರದ ಛತ್ರಕ್ಕೆ ಬಸ್ಸಿನಲ್ಲಿ ಬಂದರು. ಅದೇನೆಂದು ಕಂಡಕ್ಟರು ಕೇಳಿದ್ದಕ್ಕೆ "ಓಲಗದೋರು ಕಣ್ರೀ, ಮಡ್ಲಲ್ಲಿ ಕೂತವ್ರೆ, ಟಿಕೇಟ್ ಬ್ಯಾಡ," ಎಂದರಂತೆ. ನಾನು ಅರಿಸಿನದ ಕೈಯಲ್ಲೇ ಅವರನ್ನು ತಡೆದೆ. "ಚಿಕ್ಕಪ್ಪ, ಯಾವ್ದು ಹಾಕಿದ್ದೀರಾ? ಡೆಮೊನಾ, ಪೂರ್ತೀದಾ?"

"ನೀನು ಸುಮ್ಕೆ ಹಸೆಮಣೆ ಮ್ಯಾಲೆ ಕೂತ್ಕೊ, ಹೋಗು," ಎಂದರು.

ಮಾರನೆಯ ದಿನ ಕೂತೆ. ಅಪ್ಪನ ಹಳೆಯ ಮೇಳದ ಡೋಲಿನವರು ಮಂಟಪದ ಪಕ್ಕದಲ್ಲಿದ್ದರು. ಅವರ ನಡುವೆ ನಾಗಸ್ವರದವರ ಜಾಗದಲ್ಲಿ ಚಿಕ್ಕಪ್ಪ, ಮಡಿಲಲ್ಲಿ ಕೀಬೋರ್ಡು. ಪುರೋಹಿತರು ಬೆರಳು ಆಡಿಸಿ "ಗಟ್ಟಿಮೇಳ, ಗಟ್ಟಿಮೇಳ" ಎಂದರು. ದನಿ ಎದ್ದಿತು. ಬೇರೆ ಮದುಮಗಳಾದರೆ ದೇವರನ್ನು ನೆನೆಯುತ್ತಿದ್ದಳೋ ಏನೋ, ನಾನು ಸೆಕೆಂಡು ಎಣಿಸುತ್ತಿದ್ದೆ. ನಲವತ್ತಕ್ಕೆ ಮೊದಲ ಗಂಟು. ಐವತ್ತೈದಕ್ಕೆ ನನ್ನ ಗಂಡನ ಕೈಯಿಂದ ದಾರ ಜಾರಿತು. ಅರವತ್ತು. ಎಪ್ಪತ್ತು, ಎಂಬತ್ತು. ದನಿ ನಿಲ್ಲಲಿಲ್ಲ, ಮೂರನೆಯ ಗಂಟೂ ಬಿತ್ತು. ಹಾಗಾದರೆ ಪೂರ್ತಿಯದೇ! ನೆಮ್ಮದಿಯಿಂದ ತಲೆಯೆತ್ತಿದರೆ ಎದುರಿಗೆ ಅಪ್ಪನ ಮುಖ ಬಿಗಿದಿತ್ತು. ಉಸಿರಿಲ್ಲವೆಂದು ಅವರಿಗೆ ಗೊತ್ತಾಗಿತ್ತು.

ಧಾರೆಗೆ ನಿಂತೆವು. ತೆಂಗಿನಕಾಯಿಯ ಕೆಳಗೆ ನಮ್ಮಿಬ್ಬರ ಕೈ, ಅದರ ಕೆಳಗೆ ಅಪ್ಪನ ಕೈ. ಚಿಕ್ಕಪ್ಪ ನಿಧಾನದ ರಾಗವೊಂದನ್ನು ಹಿಡಿದರು. ಅಪ್ಪ ಈಗ ಕೈ ಎತ್ತುತ್ತಾರೆ, ಈಗ ನಿಲ್ಲಿಸು ಎನ್ನುತ್ತಾರೆ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ರಾಗ ಮೇಲೇರಿ ಒಂದು ಕಡೆ ನಿಂತಿತು. ಎರಡೇ ಕ್ಷಣ. ಅಷ್ಟರಲ್ಲಿ ಅಪ್ಪ ಬಾಯಿಂದ ಉಸಿರೆಳೆದುಕೊಂಡರು. ಊದುವಾಗ ಏಳುತ್ತಿದ್ದ ಹಾಗೆಯೇ ಅವರ ಭುಜ ಎದ್ದವು. ರಾಗ ಮತ್ತೆ ಹೊರಟಿತು. ಇನ್ನೊಂದು ಕಡೆ ನಿಂತಿತು, ಅಲ್ಲಿಯೂ ಅಪ್ಪ ಸರಿಯಾಗಿ ಉಸಿರೆಳೆದರು. ಹಾಲು ಸುರಿದು ಮುಗಿಯುವವರೆಗೂ ಅವರ ಎದೆ ಆ ರಾಗದ ಜೊತೆಗೇ ಏರಿಳಿಯಿತು. ನಾನು ಅತ್ತುಬಿಟ್ಟೆ. ತವರು ಬಿಡುವ ದುಃಖ ಎಂದು ಬೀಗರು ಸಮಾಧಾನ ಮಾಡಿದರು.

ಊಟದ ಪಂಕ್ತಿ ಏಳುವ ಹೊತ್ತಿಗೆ ಚಿಕ್ಕಪ್ಪನನ್ನು ಹುಡುಕಿಕೊಂಡು ಹೋದೆ. "ಪೂರ್ತೀದು ನಿಲ್ಲಲ್ಲ ಅಂದ್ರಲ್ಲ ಆ ಮೇಡಂ?"

"ಅದೆಲ್ಲಿ ನಿಲ್ತು? ನಾನೇ ಕೀಲಿಯಿಂದ ಕೈ ಎತ್ದೆ," ಎಂದರು ವೈರು ಸುತ್ತುತ್ತ. "ಹದಿನೆಂಟು ವರ್ಷ ನಿಮ್ಮಪ್ಪನ ಹಿಂದೆ ಕೂತ್ಕಂಡು ಶ್ರುತಿ ಹಿಡ್ದವ್ನು ಕಣೇ ನಾನು. ಅವ್ನು ಎಲ್ಲೆಲ್ಲಿ ಉಸಿರು ತಗಂತಾನೆ ಅಂತ ನಂಗೊತ್ತಿಲ್ವಾ?"

ಅಲ್ಲೇ ಅವರ ಕಾಲಿಗೆ ಎರಡನೆಯ ಸಲ ನಮಸ್ಕಾರ ಮಾಡಿದೆ. ಬೆಳಿಗ್ಗೆ ಮಾಡಿದ್ದು ಬರಿಯ ಶಾಸ್ತ್ರಕ್ಕೆ.